ಎದ್ದು ನಿಂತ ಹನ್ನೆರಡು ದಿನ

ನಾಲ್ಕೂವರೆಗೆ ನನಗೆ ಎಚ್ಚರವಾಗದೇ ಹೋಗಬಹುದು. ಎಚ್ಚರವಾದರೂ ಬಚ್ಚಲಿಗೆ ಹೋಗುವ ದಾರಿಯಲ್ಲಿ ಕಂಬಕ್ಕೊರಗಿ ಇನ್ನೊಂದು ನಿದ್ದೆ ತೆಗೆಯಬಹುದು. ಬಾವಿಯ ಹಗ್ಗ ಹರಿದು ಕೊಡ ಒಳಗೆ ಬೀಳಬಹುದು. ಕೊಡದ ಹಿಂದೆ ನಾನೂ ಬೀಳಬಹುದು. ಮಡಿಯ ಧೋತರ ಊರವರ ಎದುರಿಗೇ ಸಡಿಲಾಗಬಹುದು. ಹಿಟ್ಟಿನಲ್ಲಿ ಹುಳ ಕಾಣಿಸಬಹುದು. ಹಾಲಿನಲ್ಲಿ ಇರುವೆ ತೇಲಬಹುದು. ಅನ್ನದಲ್ಲಿ ಕೂದಲು ಸಿಗಬಹುದು (ನನ್ನದಂತೂ ಆಗಿರಲಾರದು, ನನ್ನ ತಲೆ ಈ ಸೇವೆಗೆ ಹತ್ತು ವರ್ಷದ ಹಿಂದೆಯೇ ಸಿದ್ಧವಾಗಿದೆ). ಸರಿಯಾದ ಹೊತ್ತಿಗೆ ನನಗೆ ಸೀನು ಬರಬಹುದು. ಕೃಷ್ಣೆಗೆ ನೀರು ಬಂದು ಸೇತುವೆ ಮುಳುಗಿ ನಾನು ಈಚೆ ದಂಡೆಯಲ್ಲೇ ಉಳಿಯಬಹುದು. ಅಕ್ಕನ ಮೊಣಕಾಲು ಕೈಕೊಡಬಹುದು. ಮಹಾರಾಜರು ನಮ್ಮ ಬಾಗಿಲಿಗೆ ಬರದೇ ಹೋಗಬಹುದು. ಅದಕ್ಕಿಂತ ಹೆಚ್ಚಿನ ಭಯ, ಬಂದೇಬಿಡಬಹುದು.

ಈ ಪಟ್ಟಿ ಮೊನ್ನೆ ನನ್ನ ರೇನ್‌ಕೋಟಿನ ಕಿಸೆಯಲ್ಲಿ ಸಿಕ್ಕಿತು. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಪುಸ್ತಕ ವಾಪಸು ಕೊಡಬೇಕಾದ ತಾರೀಖು ಬರೆಯಲು ಅಂಟಿಸುತ್ತೇವಲ್ಲ, ಅಂಥ ಚೀಟಿಯ ಹಿಂಬದಿಯಲ್ಲಿ, ಕಳೆದ ಮಳೆಗಾಲ ಶೇಡಬಾಳದ ಬಸ್ಸಿನಲ್ಲಿ ಕುಳಿತು ಬರೆದದ್ದು. ಅಕ್ಷರಗಳೆಲ್ಲ ರಸ್ತೆಯ ತಗ್ಗುಗಳನ್ನು ಇಳಿದು ಹತ್ತಿವೆ. ಚೀಟಿಯನ್ನು ಮೊದಲು ಬಿಡಿಸಿ ನೋಡಿದವಳು ನನ್ನ ಹೆಂಡತಿ ಸುನಂದಾ, ಶಾಲೆಯಲ್ಲಿ ಶಿಕ್ಷಕಿ. "ಏನ್ರಿ ಇದು, ಕಿರಾಣಿ ಚೀಟಿ ಅಂತ ಓದಾಕ ಹೋದ್ನಿ, ಬರೇ ಅಪಶಕುನ ಐತಿ," ಅಂದಳು. ನನ್ನ ಮನಸ್ಸಿನ ಬಗ್ಗೆ ಇದಕ್ಕಿಂತ ಸಂಕ್ಷಿಪ್ತವಾದ ಪರಿಚಯ ಇನ್ನೊಂದಿರಲಾರದು.

ನಾನು ಹುಟ್ಟಾ ಚಿಂತೆಗಾರ. ಜೊತೆಗೆ ಹುಟ್ಟಾ ಸೋಮಾರಿ. ಇವೆರಡೂ ಒಬ್ಬನಲ್ಲೇ ಹೇಗಿರುತ್ತವೆ ಎಂದು ಕೆಲವರು ಕೇಳುತ್ತಾರೆ. ಬಹಳ ಅನ್ಯೋನ್ಯವಾಗಿರುತ್ತವೆ ಸ್ವಾಮಿ. ಮಲಗಿಕೊಂಡೇ ಮಾಡಬಹುದಾದ ದುಡಿಮೆ ಜಗತ್ತಿನಲ್ಲಿ ಒಂದೇ ಒಂದಿದೆ, ಅದು ಚಿಂತೆ. ಬೆಳಿಗ್ಗೆ ಏಳೂವರೆಯವರೆಗೆ ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಎಷ್ಟು ದಣಿಯುತ್ತೇನೆಂದರೆ, ಎದ್ದ ಮೇಲೆ ಸ್ವಲ್ಪ ವಿಶ್ರಾಂತಿ ಬೇಕಾಗುತ್ತದೆ.

ಸುಧಾರಿಸಲು ಪ್ರಯತ್ನ ಪಡಲಿಲ್ಲವೆಂದಲ್ಲ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ನಿಪ್ಪಾಣಿಗೆ ಹೋಗಿ ಒಳ್ಳೆಯ ಬೂಟು ತಂದೆ. ಆ ಬೂಟು ಹಾಕಿಕೊಂಡು ಎರಡು ಮದುವೆಗೂ ಒಂದು ಸೀಮಂತಕ್ಕೂ ಹೋಗಿಬಂದಿದ್ದೇನೆ. ಅಲಾರ್ಮನ್ನು ಕೈಗೆಟುಕದಂತೆ ದೂರ ಇಡಬೇಕು ಎಂದರು, ಇಟ್ಟೆ. ಅದು ಬಡಿದುಕೊಳ್ಳುತ್ತಿರುವಾಗಲೂ ನಿದ್ದೆ ಮಾಡುವುದನ್ನು ಕಲಿತೆ. ಸೋಮಾರಿತನ ಗೆಲ್ಲುವುದು ಹೇಗೆ ಎಂದು ಮೊಬೈಲಿನಲ್ಲಿ ಭಾಷಣ ಮಾಡುವವರಿದ್ದಾರಲ್ಲ, ಅವರೆಲ್ಲರ ಮಾತನ್ನೂ ಮಗ್ಗುಲು ಬದಲಿಸಿ ಬದಲಿಸಿ ಕೇಳಿದ್ದೇನೆ. ಒಬ್ಬರು, ಮನಸ್ಸು ಬರಲೆಂದು ಕಾಯಬೇಡ, ಈಗಲೇ ಏಳು ಎಂದರು. ಆ ಮಾತು ಎಷ್ಟು ಹಿಡಿಸಿತೆಂದರೆ, ಮಲಗಿದಲ್ಲೇ ಅದನ್ನು ಮೂರು ಸಲ ಹಾಕಿ ಕೇಳಿದೆ.

ನನ್ನನ್ನು ಸಲೀಸಾಗಿ ಎಬ್ಬಿಸಬಲ್ಲವಳು ಭೂಮಿಯ ಮೇಲೆ ಒಬ್ಬಳೇ, ನನ್ನ ಅಕ್ಕ ಪದ್ಮಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಭೋಜದಲ್ಲಿ ನಮ್ಮ ಮನೆಯ ಸುತ್ತ ತಂಬಾಕಿನ ಹೊಲ. ಚಳಿಗಾಲದ ಬೆಳಗಿನಲ್ಲಿ ಆ ಖಾರದ ವಾಸನೆ ಕೌದಿಯೊಳಗೂ ನುಗ್ಗುತ್ತಿತ್ತು. ನಾನು ಮೂಗಿನವರೆಗೆ ಎಳೆದುಕೊಂಡು ಮಲಗಿರುತ್ತಿದ್ದೆ. ಅಪ್ಪನ ಬೈಗುಳ, ಸಾಲಿಯ ಗಂಟೆ ಯಾವುದೂ ನನ್ನನ್ನು ಅಲುಗಾಡಿಸುತ್ತಿರಲಿಲ್ಲ. ಅಕ್ಕ ಬೈಯುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ಕಸಬರಿಗೆ ಹಿಡಿದುಕೊಂಡು ಹಾದುಹೋಗುವಾಗ ತನ್ನಷ್ಟಕ್ಕೇ ಅಂದಂತೆ, "ಹಿತ್ತಲದಾಗ ಏನೋ ಬಂದ ಕುಂತೈತೆವ್ವಾ, ಇಂಥಾದ್ದ ನಾ ನೋಡೇ ಇಲ್ಲ," ಅಂದು ಮುಂದೆ ಹೋಗಿಬಿಡುತ್ತಿದ್ದಳು. ಅಷ್ಟೇ. ನಾನು ಹಿತ್ತಲಿನಲ್ಲಿರುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ. ಒಂದು ಸಲ ಮಾತ್ರ ನಿಜವಾಗಿಯೂ ನುಗ್ಗೆ ಗಿಡದಲ್ಲಿ ಒಂದು ಗೂಬೆ ಕುಳಿತಿತ್ತು. ಆ ಒಂದು ಗೂಬೆಯ ಸಾಲದ ಮೇಲೆ ಅಕ್ಕ ನನ್ನನ್ನು ನಾಲ್ಕು ವರ್ಷ ಎಬ್ಬಿಸಿದಳು.

ಕಳೆದ ಆಷಾಢದಲ್ಲಿ ಅವಳ ಫೋನು ಬಂತು.

"ಬಾಳೂ, ಈ ಸಲ ನಮ್ಮೂರಾಗ ಮಹಾರಾಜರ ಚಾತುರ್ಮಾಸ ಐತಿ. ಚೌಕಾ ಹಾಕಬೇಕಂತೀನಿ. ಒಬ್ಬಾಕಿಗೆ ನೀಗೂದಿಲ್ಲ. ಹದಿನೈದ ದಿನ ಬಂದ ಇರ್ತಿಯೇನು?"

ನನ್ನ ಎದೆ ಹಾಸಿಗೆಯ ಕಡೆ ಒಂದು ಸಲ ನೋಡಿತು. "ಅಕ್ಕಾ, ಸುನಂದಾನ್ನ ಕಳಸ್ಲ್ಯಾ?"

"ಅಕಿಗೆ ಸಾಲಿ ಐತಿ, ಹುಡುಗೂರ್ನ ಬಿಟ್ಟ ಹೆಂಗ ಬಂದಾಳು? ನೀ ಹೆಂಗೂ ಕುಂತೇ ಇರ್ತಿ. ಅಲ್ಲಿ ಕುಂದರೂದು ಇಲ್ಲಿ ಬಂದ ನಿಂದರು."

ಚೌಕಾ ಅಂದರೆ ನಮ್ಮ ದಿಗಂಬರ ಮುನಿಗಳಿಗೆ ಆಹಾರ ಕೊಡಲೆಂದು ಮಡಿಯಿಂದ ನಡೆಸುವ ಅಡಿಗೆಮನೆ. ಮುನಿಗಳನ್ನು ನಮ್ಮ ಕಡೆ ಮಹಾರಾಜರು ಎನ್ನುತ್ತೇವೆ. ಮೈಮೇಲೆ ಒಂದೆಳೆ ನೂಲಿಲ್ಲದ, ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲ ಬಿಟ್ಟರೆ ಏನೂ ಇಲ್ಲದ ಮಹಾರಾಜರು. ದಿನಕ್ಕೆ ಒಂದೇ ಸಲ, ನಿಂತುಕೊಂಡೇ, ತಮ್ಮ ಬೊಗಸೆಯಲ್ಲಿ ಉಣ್ಣುತ್ತಾರೆ. ಕರೆದರೆ ಬರುವವರಲ್ಲ. ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡಿರುತ್ತಾರೆ: ಇಂಥದ್ದು ಕಂಡ ಬಾಗಿಲಲ್ಲಿ ಮಾತ್ರ ನಿಲ್ಲುವುದು. ಎರಡು ತೆಂಗಿನಕಾಯಿ ಹಿಡಿದವರು ಇರಬಹುದು, ಹಸಿರು ಸೀರೆಯವಳು ಇರಬಹುದು, ಇನ್ನೇನೋ. ಯಾರಿಗೂ ಹೇಳುವುದಿಲ್ಲ. ಅದು ಎಲ್ಲೂ ಕಾಣದಿದ್ದರೆ ಅಂದು ಉಪವಾಸ. ಚೌಕಾ ಹಾಕಿದ ಮನೆಗಳವರೆಲ್ಲ ಕಳಶ, ಹಣ್ಣು, ಕಾಯಿ ಹಿಡಿದು ತಂತಮ್ಮ ಬಾಗಿಲಲ್ಲಿ ಕಾಯುತ್ತ ನಿಲ್ಲಬೇಕು. ಸಿಕ್ಕರೆ ಭಾಗ್ಯ.

ಅಕ್ಕನಿಗೆ ಆ ಭಾಗ್ಯ ಅರವತ್ಮೂರು ವರ್ಷವಾದರೂ ಸಿಕ್ಕಿರಲಿಲ್ಲ. ಭಾವನ ನೌಕರಿ ರಾಯಬಾಗದಲ್ಲಿತ್ತು. ಬಾಡಿಗೆ ಮನೆ, ನಳದ ನೀರು. ಚೌಕಾಕ್ಕೆ ಬಾವಿಯ ನೀರೇ ಆಗಬೇಕು. ಭಾವ ತೀರಿಕೊಂಡ ಮೇಲೆ ಶೇಡಬಾಳದ ಅತ್ತೆಮನೆಗೆ ಬಂದಳು. ಅಲ್ಲಿ ಬಾವಿ ಇತ್ತು, ಜೊತೆಗೆ ನಿಲ್ಲುವವರು ಇರಲಿಲ್ಲ. ಅವರಿವರ ಚೌಕಾದಲ್ಲಿ ಬೀಸಿದಳು, ಬೇಯಿಸಿದಳು. ತನ್ನ ಬಾಗಿಲಲ್ಲಿ ನಿಂತಿರಲಿಲ್ಲ.

"ದೀಪಾವಳಿ ಆದಮ್ಯಾಲ ಮಿರಜಿನ್ಯಾಗ ಮೊಣಕಾಲ ಆಪರೇಶನ್ ಐತಿ," ಅಂದಳು. "ಆಮ್ಯಾಲ ನೀರ ಸೇದೂದು, ಕೆಳಗ ಕುಂತ ಅಡಗಿ ಮಾಡೂದು ಎಲ್ಲಾ ಬಂದ್ ಅಂತ ಡಾಕ್ಟರ್ ಹೇಳ್ಯಾರ. ಈ ಸಲ ಆಗಲಿಲ್ಲಂದ್ರ ನಂದು ಆಗಲೇ ಇಲ್ಲಂತ ತಿಳಕೊ."

ರಜೆ ಹಾಕಿ ಬಸ್ಸು ಹತ್ತಿದೆ. ಪಟ್ಟಿ ಬರೆದೆ.

ಮೊದಲ ಮೂರು ದಿನಗಳ ಬಗ್ಗೆ ಹೆಚ್ಚು ಹೇಳದಿರುವುದೇ ನನ್ನ ಮರ್ಯಾದೆಗೆ ಒಳ್ಳೆಯದು. ನಾಲ್ಕೂವರೆಗೆ ಅಕ್ಕ ಕೌದಿ ಕಿತ್ತುಕೊಳ್ಳುತ್ತಿದ್ದಳು. ಹಿತ್ತಲಿನ ಗೂಬೆಗೆ ಮರುಳಾಗುವ ವಯಸ್ಸು ನನಗೂ ಇರಲಿಲ್ಲ, ಕಾಯುವ ವ್ಯವಧಾನ ಅವಳಿಗೂ ಇರಲಿಲ್ಲ. ತಣ್ಣೀರಿನ ಸ್ನಾನ. ಒದ್ದೆ ಧೋತರದಲ್ಲಿ ಬೀಸುಕಲ್ಲಿನ ಮುಂದೆ. ಬೆಳಕು ಹರಿದ ಮೇಲೆ ಬಾವಿ. ಸೇದಿದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ತೊಳೆದ ನೀರನ್ನು ಮತ್ತೆ ಮೆಲ್ಲಗೆ ಬಾವಿಗೇ ಇಳಿಸಬೇಕು. ಬಟ್ಟೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆ ಸೇರಿಕೊಳ್ಳಲಿ ಎಂದು. ಆ ಜೀವಗಳ ಬಗ್ಗೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೊರಗಿನ ತಿಂಡಿ ಮುಟ್ಟುವಂತಿಲ್ಲ, ಉಳ್ಳಾಗಡ್ಡಿ ಇಲ್ಲ, ಆಲೂಗಡ್ಡಿ ಇಲ್ಲ. ಒಂಬತ್ತೂವರೆಗೆ ಬಾಗಿಲಲ್ಲಿ ನಿಂತರೆ, ನಮ್ಮದು ಓಣಿಯ ಕಟ್ಟಕಡೆಯ ಮನೆ. ಮಹಾರಾಜರು ಬಲಗೈ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು, ಆಚೆ ಈಚೆ ನೋಡದೆ ಬಂದಂತೆ ಕಂಡರೂ ಎಲ್ಲವನ್ನೂ ನೋಡುತ್ತ, ಓಣಿಯ ಬಾಯಲ್ಲೇ ಯಾವುದೋ ಮನೆಗೆ ತಿರುಗಿಬಿಡುತ್ತಿದ್ದರು. ನಾವು ಮಾಡಿದ್ದನ್ನು ನಾವೇ ಉಣ್ಣುತ್ತಿದ್ದೆವು. ನಾನು ಉಂಡು ಮಲಗುತ್ತಿದ್ದೆ.

ನನ್ನನ್ನು ಕೆಡಿಸಿದವರು ಎದುರು ಮನೆಯ ಜಿನ್ನಪ್ಪ ಕಾಕಾ. ಎಂಬತ್ತರ ಹತ್ತಿರದ ಮುದುಕ. ದಿನವಿಡೀ ಕಟ್ಟೆಯ ಮೇಲೆ ಕುಳಿತು ಓಣಿಯನ್ನು ನೋಡುವುದು ಅವರ ಕೆಲಸ. ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು ದನಿ ಇಳಿಸಿದರು.

"ಲೈಬ್ರರಿ ಸಾಹೇಬ್ರ, ಮೊನ್ನೆ ನಿಂತ ಮನ್ಯಾಗ ಹಳದಿ ಸೀರಿ ಇತ್ತು. ನಿನ್ನೆ ಹಳದಿ ಬಾಳಿಹಣ್ಣು ಇತ್ತು. ಇವತ್ತ ನೋಡ್ರಿ, ಕಳಶಕ್ಕ ಅರಿಷಿಣ ಭಾಳ ಹಚ್ಚಿದ್ರು. ಏನ್ ಅನಸ್ತೈತಿ?"

"ಹಳದಿ ಅಂತೀರೇನು?"

"ನಾ ಏನೂ ಅನ್ನಂಗಿಲ್ಲಪ. ಸುಮ್ಮ ಹೇಳಿದ್ನಿ."

ಅವರು ಸುಮ್ಮನೆ ಹೇಳಿದ್ದು ನನ್ನ ತಲೆಯಲ್ಲಿ ಸುಮ್ಮನೆ ಕೂರಲಿಲ್ಲ. ಓಣಿ ನೇರವಾಗಿದೆ, ಕೊನೆಯಲ್ಲಿ ನಿಂತವನಿಗೆ ಎಲ್ಲ ಬಾಗಿಲೂ ಕಾಣುತ್ತವೆ. ಮರುದಿನದಿಂದ ಚೀಟಿ ಬರೆಯತೊಡಗಿದೆ. ಮನೆ, ನಿಂತವರು ಎಷ್ಟು, ಕೈಯಲ್ಲಿ ಏನು, ಸೀರೆಯ ಬಣ್ಣ, ಗಂಡಸು ಎಡಕ್ಕೋ ಬಲಕ್ಕೋ. ಪುಸ್ತಕಗಳನ್ನು ವರ್ಗೀಕರಿಸುತ್ತ ಕಳೆದ ನನ್ನ ಆಯುಷ್ಯ ಮೊದಲ ಸಲ ಧರ್ಮಕಾರ್ಯಕ್ಕೆ ಬಂತು. ನಾಲ್ಕನೆಯ ದಿನ ಹಳದಿ ಸಿದ್ಧಾಂತ ಬಿದ್ದುಹೋಯಿತು. ಮಹಾರಾಜರು ನಿಂತದ್ದು ನೀಲಿ ಸೀರೆಯ ಮುಂದೆ. ನೇಮ ದಿನಕ್ಕೊಂದು ಇರುತ್ತದಲ್ಲ, ಒಂದೇ ಸೂತ್ರ ಹೇಗಿದ್ದೀತು ಎಂದು ನಾನು. ನೇಮ ಬೇರೆ ಬೇರೆಯಾದರೂ ಮನಸ್ಸು ಒಬ್ಬರದೇ ಅಲ್ಲೇನು ಎಂದು ಕಾಕಾ. ಅವರು ಸಮಸಂಖ್ಯೆಯ ಕಡೆ, ನಾನು ಹಣ್ಣಿನ ಕಡೆ. ಕಟ್ಟೆಯ ಮೇಲೆ ಒಂದು ಸಣ್ಣ ವಿಶ್ವವಿದ್ಯಾಲಯವೇ ನಡೆಯಿತು. ಅಕ್ಕ ಒಳಗಿನಿಂದ, "ಮಟಕಾ ನಂಬರ್ ತಗ್ಯಾಕತ್ತೀರೇನು ಇಬ್ಬರೂ? ಪಾಪ ಸುತ್ತಕೊಂತೈತಿ," ಅನ್ನುತ್ತಿದ್ದಳು.

ಐದನೆಯ ದಿನ ಒಂದು ಸಂಗತಿ ನಡೆಯಿತು. ನಾಳೆ ಎರಡು ಬೇರೆ ಬೇರೆ ಜಾತಿಯ ಹಣ್ಣು ಹಿಡಿದರೆ ಹೇಗೆ ಎಂದು ಯೋಚಿಸುತ್ತ ಮಲಗಿದವನಿಗೆ ಬೆಳಿಗ್ಗೆ ತಾನಾಗಿ ಎಚ್ಚರವಾಯಿತು. ಎದ್ದು, ಮಿಂದು, ಬೀಸುಕಲ್ಲಿನ ಮುಂದೆ ಕುಳಿತೆ. ಕಣ್ಣುಜ್ಜುತ್ತ ಬಂದ ಅಕ್ಕ ನನ್ನನ್ನು ಕಂಡು ಗಾಬರಿಯಾದಳು. ತಾನು ಇನ್ನೂ ಮಡಿಯಾಗಿಲ್ಲವೆಂದು ನೆನಪಾಗಿ, ನನ್ನ ಹಣೆ ಮುಟ್ಟಲು ಚಾಚಿದ ಕೈಯನ್ನು ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡು ಕೇಳಿದಳು:

"ಜ್ವರ ಬಂದಾವೇನೋ?"

"ಇಲ್ಲಕ್ಕ. ಎಚ್ಚರ ಆತು."

"ಯಾಕ?"

ಬೀಸುತ್ತ ಬೀಸುತ್ತ ಯೋಚಿಸಿದೆ. ಸಂಕಲ್ಪ ಮಾಡಿದ್ದೆನೆ? ಇಲ್ಲ. ಭಕ್ತಿಯೆ? ಇದ್ದರೂ ನಾಲ್ಕೂವರೆಯ ಭಕ್ತಿ ಅಲ್ಲ ನನ್ನದು, ಹತ್ತು ಗಂಟೆಯದು. ಒಂದೇ ಒಂದು ಆಸೆಯಿತ್ತು: ಇವತ್ತು ಏನಾಗುತ್ತದೋ ನೋಡಬೇಕು. ಇಷ್ಟು ವರ್ಷ ನನ್ನನ್ನು ಎಬ್ಬಿಸಲು ಬಂದವರೆಲ್ಲ, ಎದ್ದರೆ ನಾನು ಎಂಥವನಾಗುತ್ತೇನೆ ಎಂದು ಹೇಳುತ್ತಿದ್ದರು. ಎಂಥವನಾದರೂ ನನಗೆ ಅಷ್ಟು ಆಸಕ್ತಿ ಇರಲಿಲ್ಲವೆಂದು ಕಾಣುತ್ತದೆ. ಎದ್ದರೆ ಏನು ಕಾಣುತ್ತದೆ ಎಂದು ಹೇಳಿದ್ದರೆ ಯಾವಾಗಲೋ ಎದ್ದಿರುತ್ತಿದ್ದೆ.

ಹೀಗೆ ದೊಡ್ಡ ಶೋಧ ಮಾಡಿದ ಖುಷಿಯಲ್ಲಿ ನಾಲ್ಕೈದು ದಿನ ಕಳೆದೆ. ಹತ್ತನೆಯ ದಿನ ಮಹಾರಾಜರು ಮೊದಲ ಮನೆ ದಾಟಿದರು, ಎರಡನೆಯದು, ಮೂರನೆಯದು ದಾಟಿದರು. ನಮ್ಮ ಕಡೆಗೇ ಬಂದರು. ನನ್ನ ಕೈಯ ದಾಳಿಂಬೆ ಬೆವರಿತು. ನಮ್ಮ ಪಕ್ಕದ ಮನೆಯ ಮುಂದೆ ಒಂದು ಗಳಿಗೆ ನಿಂತರು, ಅಲ್ಲಿಗೇ ತಿರುಗಿದರು. ನಾನು ಆಗಲೇ ಅವರ ಕೈಯಲ್ಲೇನಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಮೂರು ಮಂದಿ, ಸೇಬು, ಒಂದು ಕಾಯಿ. "ಅಕ್ಕಾ, ಕಾಕಾನ ಸಮಸಂಖ್ಯಾ ಇವತ್ತ ಸತ್ತಹೋತು," ಎಂದು ಉತ್ಸಾಹದಿಂದ ತಿರುಗಿದರೆ, ಅಕ್ಕ ಕಳಶ ಹಿಡಿದುಕೊಂಡು ಹಾಗೇ ನಿಂತಿದ್ದಳು. ಬಾಗಿಲ ಚೌಕಟ್ಟಿಗೆ ಒಂದು ಭುಜ ಆನಿಸಿ, ಮೊಣಕಾಲಿನ ಭಾರ ಇಳಿಸಿಕೊಂಡು. ಕಣ್ಣು ಪಕ್ಕದ ಮನೆಯ ಬಾಗಿಲ ಮೇಲಿತ್ತು. ಅಲ್ಲಿ ಒಳಗಿಂದ "ನಮೋಸ್ತು ಮಹಾರಾಜ" ಎಂಬ ದನಿಗಳು ಕೇಳುತ್ತಿದ್ದವು.

"ಒಳಗ ನಡಿ," ಅಂದಳು. "ಅನ್ನ ಆರತೈತಿ."

ಆ ದಿನ ಚೀಟಿ ಬರೆಯಲಿಲ್ಲ. ಅವಳ ಬದುಕಿನ ಆಸೆಯನ್ನು ನಾನು ಪದಬಂಧ ಮಾಡಿಕೊಂಡು ಬಿಡಿಸುತ್ತ ಕುಳಿತಿದ್ದೆ. ಹನ್ನೊಂದನೆಯ ದಿನ ಇನ್ನೊಂದು ಮನೆಯಲ್ಲಿ ಎರಡನೆಯ ತುತ್ತಿಗೇ ಕೂದಲು ಬಂತು. ಅದಕ್ಕೆ ಅಂತರಾಯ ಎನ್ನುತ್ತಾರೆ. ಹಾಗಾದರೆ ಮಹಾರಾಜರು ಬೊಗಸೆ ಬಿಟ್ಟುಬಿಡುತ್ತಾರೆ, ಮರುದಿನದವರೆಗೆ ನೀರೂ ಇಲ್ಲ. ಆ ಮನೆಯ ಸೊಸೆ ಸಂಜೆಯವರೆಗೂ ಹೊರಗೆ ಮುಖ ತೋರಿಸಲಿಲ್ಲವಂತೆ. ಇಡೀ ಓಣಿಯಲ್ಲಿ ಅಂದು ಯಾರೂ ಜೋರಾಗಿ ಮಾತಾಡಲಿಲ್ಲ. ಅಕ್ಕ ರಾತ್ರಿ ಎಣ್ಣೆ ಹಚ್ಚಿ ಮೊಣಕಾಲು ತಿಕ್ಕಿಕೊಳ್ಳುತ್ತ, "ಬ್ಯಾರೇದವರ ಮನ್ಯಾಗ ಆತು. ನಮ್ಮಲ್ಲೇ ಬಂದ ಹಂಗಾಗಿದ್ರ?" ಅಂದಳು. ಚಿಂತೆ ಮಾಡುವುದು ನಮ್ಮ ಮನೆತನದ ಗುಣ, ಅವಳು ಮಾತ್ರ ಎದ್ದು ನಿಂತು ಮಾಡುತ್ತಾಳೆ.

ಹನ್ನೆರಡನೆಯ ದಿನ ಏನೂ ವಿಶೇಷವಿರಲಿಲ್ಲ. ಸಿದ್ಧಾಂತ ಇರಲಿಲ್ಲ, ಆದರೂ ನಾಲ್ಕೂವರೆಗೆ ಎದ್ದೆ. ಯಾಕೆಂದು ಕೇಳಬೇಡಿ; ಅಕ್ಕನ ಕೋಣೆಯಲ್ಲಿ ದೀಪ ಹತ್ತಿತ್ತು. ಅವಳ ಕೈಯಲ್ಲಿ ಕಳಶದ ಮೇಲೊಂದು ಕಾಯಿ, ನನ್ನ ಕೈಯಲ್ಲಿ ನಿನ್ನೆ ಹಿಡಿದಿದ್ದ ಮೋಸಂಬಿಯೇ. ಮಹಾರಾಜರು ಓಣಿ ತುಂಬ ನಡೆದು ಬಂದರು. ಹಿಂದಿನ ದಿನ ಉಪವಾಸವಿದ್ದವರ ನಡಿಗೆಯಲ್ಲಿ ಒಂದಿಷ್ಟೂ ಅವಸರವಿರಲಿಲ್ಲ. ಪಕ್ಕದ ಮನೆ ದಾಟಿದರು. ನಮ್ಮೆದುರು ಬಂದು ನಿಂತರು.

ಅಕ್ಕ ಕಳಶವನ್ನು ಎದೆಗವಚಿಕೊಂಡು ಮಹಾರಾಜರ ಪಾದವನ್ನೇ ನೋಡುತ್ತ ನಿಂತಳು. ಹನ್ನೆರಡು ದಿನ ಅವಳ ಹಿಂದೆ ಗುನುಗುತ್ತಿದ್ದ ನಾನೇ ಹೇಳಬೇಕಾಯಿತು: "ನಮೋಸ್ತು ಮಹಾರಾಜ, ನಮೋಸ್ತು. ಅತ್ರ ತಿಷ್ಠ, ತಿಷ್ಠ." ಮೂರು ಸುತ್ತು ಪ್ರದಕ್ಷಿಣೆ ಹಾಕಿದೆವು. ಮೂರನೆಯ ಸುತ್ತಿನಲ್ಲಿ ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ ಎಂದು ಒಪ್ಪಿಸುವಾಗ ಮೊದಲನೆಯದರಲ್ಲಿ ನನ್ನ ದನಿ ಸ್ವಲ್ಪ ತಗ್ಗಿತು. ಬೇರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ. ಪಾದ ತೊಳೆದೆವು. ಮಹಾರಾಜರು ನಿಂತು ಬೊಗಸೆ ಒಡ್ಡಿದರು. ಮೊದಲ ನೀರು ಅಕ್ಕ ಹಾಕಿದಳು. ಹಾಲು, ಅನ್ನ, ರೊಟ್ಟಿಯ ಚೂರು, ಬೇಳೆ. ನಾನು ಪ್ರತಿ ತುತ್ತನ್ನೂ ಇಡುವ ಮೊದಲು ಕನ್ನಡಕದ ಮೇಲಿಂದ ಒಮ್ಮೆ, ಒಳಗಿಂದ ಒಮ್ಮೆ ನೋಡುತ್ತಿದ್ದೆ. ಇರುವೆ ಬರಲಿಲ್ಲ, ಕೂದಲು ಬರಲಿಲ್ಲ, ಸೀನು ಬರಲಿಲ್ಲ. ಮಹಾರಾಜರು ಅನ್ನ ಸಾಕೆಂದು ಸನ್ನೆ ಮಾಡಿದರು. ಬೇಳೆಯ ಕಡೆ ತೋರಿಸಿ ಇನ್ನೊಮ್ಮೆ ಬೊಗಸೆ ಒಡ್ಡಿದರು. ಅಕ್ಕನ ಮುಖ ನಾನು ನೋಡಲಿಲ್ಲ. ಬೇಳೆಯ ಪಾತ್ರೆಯನ್ನು ಅವಳ ಕಡೆ ಸರಿಸಿದೆ.

ಆಹಾರ ಮುಗಿದು ಅವರು ಮಣೆಯ ಮೇಲೆ ಕುಳಿತಾಗ ಅರ್ಧ ಓಣಿ ನಮ್ಮ ಪಡಸಾಲೆಯಲ್ಲಿತ್ತು. ಜಿನ್ನಪ್ಪ ಕಾಕಾ ನನ್ನ ಬೆನ್ನಿಗೆ ಬೆರಳಿನಿಂದ ತಿವಿಯುತ್ತಿದ್ದರು. ತಡೆಯಲಾಗಲಿಲ್ಲ.

"ಮಹಾರಾಜ, ಒಂದ್ ಮಾತ ಕೇಳ್ಲ್ಯಾ? ಇವತ್ತಿನ ನೇಮ ಏನಿತ್ರಿ?"

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಮಹಾರಾಜರು ನಕ್ಕರು. "ಓಣಿ ತುದೀಗೆ ನಿಂತ ಚೀಟಿ ಬರಿಯಾಂವ ನೀನೇ ಏನು?"

"ಹೌದ್ರಿ."

"ಮುಂಜಾನೆ ಏಳಾಕ ತ್ರಾಸ ಅಂತ ನಿಮ್ಮಕ್ಕ ಹೇಳ್ಯಾಳ. ಇದನ್ನ ಹೇಳಿಬಿಟ್ರ ನಾಳೆ ಏಳ್ತಿಯೇನು?"

ಪಡಸಾಲೆ ನಕ್ಕಿತು. ಅವರು ಪಿಂಛಿ ಎತ್ತಿಕೊಂಡು ಎದ್ದರು. ಆ ನೇಮ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಾಕಾ ಮಾತ್ರ ಫೋನು ಮಾಡಿದಾಗಲೆಲ್ಲ, ಅದು ಮೋಸಂಬಿಯೇ ಎನ್ನುತ್ತಾರೆ.

ಜನ ಕರಗಿದ ಮೇಲೆ ನಾವಿಬ್ಬರೂ ಅಡಿಗೆಮನೆಯಲ್ಲಿ ಉಣ್ಣಲು ಕುಳಿತೆವು. ಅಕ್ಕ ಮೊಣಕಾಲು ಚಾಚಿಕೊಂಡು ಗೋಡೆಗೆ ಒರಗಿದಳು. ನನಗೆ ಬಡಿಸಿದಳು, ತನಗೂ ಹಾಕಿಕೊಂಡಳು. ಅವಳ ಮುಖದಲ್ಲಿ ನಾನು ಇದುವರೆಗೆ ಕಾಣದ ಒಂದು ಆರಾಮವಿತ್ತು, ಎಲ್ಲಿಗೂ ಏಳಬೇಕಾಗಿಲ್ಲದವರ ಆರಾಮ. ನಾನು ಬೇಳೆ ಕಲಸಿ ಮೊದಲ ತುತ್ತು ಬಾಯಿಗಿಟ್ಟೆ.

ಚೌಕಾದ ಅಡಿಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ. ಮಹಾರಾಜರು ಆಹಾರದ ಹೊತ್ತಿಗೆ ಮೌನ, ಆಮೇಲೂ ರುಚಿಯ ಮಾತಾಡುವವರಲ್ಲ. ಆ ಬೆಳಿಗ್ಗೆ ಬೇಳೆ ಕುದಿಯುವಾಗ ಅಕ್ಕ ಸೀರೆ ಬದಲಿಸಲು ಹೋಗುತ್ತ, ಕುಟ್ಟಿಟ್ಟ ಸೈಂಧವ ಉಪ್ಪನ್ನು ತೋರಿಸಿ, "ಎರಡ ಕುದಿ ಬಂದಮ್ಯಾಲ ಹಾಕು," ಅಂದಿದ್ದಳು. ಹೂಂ ಅಂದಿದ್ದೆ. ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಯಾರೋ ಬಾಗಿಲು ತೆರೆದ ಸದ್ದಾಗಿ, ಇವತ್ತು ಅವರು ಎಷ್ಟು ಮಂದಿ ನಿಲ್ಲುತ್ತಾರೋ ನೋಡೋಣವೆಂದು ಹೊರಗೆ ಇಣುಕಿದ್ದೆ. ಒಂದೇ ನಿಮಿಷ.

ಅಕ್ಕನ ಕೈ ಬಾಯಿಗೆ ಹೋಯಿತು. ಅಗಿದಳು. ಅಗಿಯುವುದು ನಿಂತಿತು. ನನ್ನನ್ನು ನೋಡಿದಳು. ನಾನು ತಾಟು ನೋಡಿದೆ.

"ಎರಡ ಸಲ ಇಸಗೊಂಡ್ರಲೋ ಇದನ್ನ," ಅಂದಳು.

"ಹೂಂ."

"ಎರಡ ಸಲ."

ಇನ್ನೊಂದು ತುತ್ತು ಕಲಸಿದಳು. ಉಪ್ಪಿನ ಬಟ್ಟಲು ಒಲೆಯ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ತುಂಬಿದ್ದು ತುಂಬಿದಂತೆಯೇ ಇತ್ತು. ಇಬ್ಬರೂ ಚಾಚಲಿಲ್ಲ.